ಮಂಗಳೂರು ಪೇಟೆಯಲ್ಲೇ ಮೂರ್ನಾಲ್ಕು ದಿನ ಉಳಿದರೆ ಏನೇನು ನೋಡಬಹುದು?

ಕೋಟೆನಾಡಿನವ

ಎಲ್ಲರಿಗೂ ನಮಸ್ಕಾರ. ನಮ್ಮದು ಚಿತ್ರದುರ್ಗ. ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು ಅಂತ ಕರಾವಳಿಗೆ ಬರುತ್ತಲೇ ಇರುತ್ತೇವೆ. ಆದರೆ ಮಂಗಳೂರನ್ನು ನಿಂತು ನೋಡಿದ್ದೇ ಇಲ್ಲ. ಬಸ್ಸು ಬದಲಿಸುವುದು, ಊಟ ಮಾಡುವುದು, ಪಣಂಬೂರಿನಲ್ಲಿ ಮಕ್ಕಳನ್ನು ಸ್ವಲ್ಪ ಹೊತ್ತು ಆಡಲು ಬಿಡುವುದು, ವಾಪಸ್ ಹೊರಡುವುದು. ಈ ಡಿಸೆಂಬರ್ ರಜೆಯಲ್ಲಿ ಪೇಟೆಯಲ್ಲೇ ಮೂರ್ನಾಲ್ಕು ದಿನ ಉಳಿಯೋಣ ಅಂತಿದ್ದೇವೆ. ನಾನು, ಹೆಂಡತಿ, ಎಂಟನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ, ಜೊತೆಗೆ ಅಮ್ಮ. ಅಮ್ಮನಿಗೆ ಮಂಡಿ ನೋವು. ಜಾಸ್ತಿ ಮೆಟ್ಟಿಲು ಹತ್ತಲು ಆಗುವುದಿಲ್ಲ.

ಸ್ನೇಹಿತರನ್ನು ಕೇಳಿದರೆ "ಮಂಗಳೂರಲ್ಲಿ ನೋಡೋಕೆ ಏನಿದೆ? ಒಂದು ದಿನ ಸಾಕು, ಉಡುಪಿ ಕಡೆ ಹೋಗಿ" ಅನ್ನುತ್ತಾರೆ. ಮಗಳಿಗೆ ಇತಿಹಾಸ ಇಷ್ಟ. ನಮ್ಮೂರ ಕೋಟೆಯ ಒಂದೊಂದು ಬಾಗಿಲಿನ ಕಥೆಯನ್ನೂ ಕೇಳಿಕೊಂಡು ಬೆಳೆದವಳು. ಸಮುದ್ರದ ಪಕ್ಕದ ಹಳೆಯ ಊರು ಹೇಗೆ ಬೆಳೆಯಿತು ಅಂತ ಅವಳಿಗೆ ತೋರಿಸಬೇಕು. ಅಲ್ಲಿಯವರು ದಯವಿಟ್ಟು ತಿಳಿಸಿ.

ಬಂದರಿನ ಹತ್ತಿರದವ

ಒಂದು ದಿನ ಸಾಕು ಅನ್ನುವವರು ಮಾಲ್ ನೋಡಿ ಹೋದವರು ಇರಬೇಕು ಸರ್. ನಾಲ್ಕು ದಿನ ಇಟ್ಟುಕೊಳ್ಳಿ, ಖಂಡಿತ ಬೇಸರ ಆಗುವುದಿಲ್ಲ.

ನಿಮ್ಮ ದುರ್ಗದಲ್ಲಿ ಕೋಟೆ ಎದ್ದು ಕಾಣುತ್ತದೆ. ಇಲ್ಲಿ ಹಾಗೆ ಒಂದೇ ದೊಡ್ಡ ಸ್ಮಾರಕ ಇಲ್ಲ. ಇದು ವ್ಯಾಪಾರದ ಊರು. ನೇತ್ರಾವತಿ, ಫಲ್ಗುಣಿ ಎರಡೂ ನದಿಗಳು ಇಲ್ಲಿ ಸಮುದ್ರ ಸೇರುತ್ತವೆ. ಘಟ್ಟದ ಮೆಣಸು, ಅಕ್ಕಿ, ಶುಂಠಿ ಎಲ್ಲ ನದಿಯಲ್ಲಿ ಇಳಿದು ಬಂದು ಹಡಗು ಹತ್ತುತ್ತಿತ್ತು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಟ್ಯುನೀಷಿಯಾ ಕಡೆಯಿಂದ ಬಂದು ಇಲ್ಲಿ ಸುಮಾರು 17 ವರ್ಷ ಇದ್ದ. ಮೆಣಸಿನ ವ್ಯಾಪಾರ ಮಾಡುತ್ತಿದ್ದ, ಕಂಚಿನ ಪಾತ್ರೆಗಳ ಕೆಲಸ ಮಾಡಿಸುತ್ತಿದ್ದ, ಇಲ್ಲಿಯವಳನ್ನೇ ಮದುವೆಯಾದ. ಅವನ ಪತ್ರಗಳು ಈಜಿಪ್ಟಿನ ಕೈರೋದಲ್ಲಿ ಸಿಕ್ಕಿವೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಬಂದಾಗ ಯೆಮೆನ್, ಪರ್ಷಿಯಾದ ವ್ಯಾಪಾರಿಗಳು ಇಲ್ಲಿ ಇಳಿಯುತ್ತಿದ್ದರು ಅಂತ ಬರೆದಿದ್ದಾನೆ. ಮಗಳಿಗೆ ಇದನ್ನು ಮೊದಲೇ ಹೇಳಿ ಕರೆತನ್ನಿ. ಆಮೇಲೆ ಬಂದರಿನ ಓಣಿಗಳು ಅವಳ ಕಣ್ಣಿಗೆ ಬೇರೆಯೇ ಕಾಣುತ್ತವೆ.

ಮೊದಲ ದಿನ ಬೆಳಿಗ್ಗೆ ಸ್ಟೇಟ್ ಬ್ಯಾಂಕ್‌ಗೆ ಬನ್ನಿ. ಬಸ್‌ನವರು "ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್" ಅಂತ ಕೂಗುತ್ತಾರಲ್ಲ, ಸಿಟಿ ಬಸ್‌ಗಳೆಲ್ಲ ಬಂದು ನಿಲ್ಲುವ ಜಾಗ ಅದು. ಅಲ್ಲಿಂದ ಬಂದರಿಗೆ ನಡೆದೇ ಹೋಗಬಹುದು. ದಾರಿಯುದ್ದಕ್ಕೂ ಹಳೆಯ ಮಂಡಿಗಳು, ಗೋದಾಮುಗಳು. ಒಣಮೆಣಸು, ಒಣಮೀನು, ಕೊಬ್ಬರಿ, ಹಗ್ಗ ಎಲ್ಲದರ ವಾಸನೆ ಒಟ್ಟಿಗೆ ಬರುತ್ತದೆ. ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೋಗುವ ಮಂಜಿಗಳು, ಅಂದರೆ ಸರಕಿನ ಹಡಗುಗಳು, ನಿಂತಿರುತ್ತವೆ. ಸಿಮೆಂಟ್, ಜಲ್ಲಿ, ತರಕಾರಿ ಎಲ್ಲ ಇಲ್ಲಿಂದಲೇ ಹೋಗುತ್ತದೆ. ಮಳೆಗಾಲದಲ್ಲಿ ಅವುಗಳ ಓಡಾಟ ನಿಲ್ಲುತ್ತದೆ. ಡಿಸೆಂಬರ್‌ನಲ್ಲಿ ಇರುತ್ತದೆ. ಕೆಲಸ ನಡೆಯುವ ಜಾಗ, ಹಾಗಾಗಿ ಒಳಗೆ ಹೋಗುವ ಮುಂಚೆ ಅಲ್ಲಿಯವರನ್ನು ಕೇಳಿ. ಮಕ್ಕಳ ಕೈ ಬಿಡಬೇಡಿ.

ಬಂದರಿನಲ್ಲೇ ಝೀನತ್ ಬಕ್ಷ್ ಮಸೀದಿ ಇದೆ. ಅರಬ್ ವ್ಯಾಪಾರಿಗಳ ಕಾಲದಿಂದ, 7ನೇ ಶತಮಾನದಿಂದಲೂ ಇದೆ ಎಂಬ ನಂಬಿಕೆ. ಒಳಗಿನ ಮರದ ಕೆತ್ತನೆ ಬಹಳ ಚಂದ. ನಮಾಜಿನ ಹೊತ್ತು ಬಿಟ್ಟು ಹೋಗಿ, ಬಾಗಿಲಲ್ಲಿ ಕೇಳಿ. ಹತ್ತಿರದಲ್ಲೇ ರೊಸಾರಿಯೊ ಇಗರ್ಜಿ, ಅಂದರೆ ಚರ್ಚ್. 1568ರಲ್ಲಿ ಪೋರ್ಚುಗೀಸರು ಕಟ್ಟಿಸಿದ್ದು, ಈಗಿನ ಕಟ್ಟಡ ಆಮೇಲಿನದು. ರಥಬೀದಿಯ ವೆಂಕಟರಮಣ ದೇವಸ್ಥಾನವೂ ಅಷ್ಟೇ ದೂರ. ಮೂರನ್ನೂ ಅರ್ಧ ದಿನದಲ್ಲಿ ನಿಧಾನವಾಗಿ ನೋಡಬಹುದು. ರಥಬೀದಿಯಲ್ಲಿ ಅಮ್ಮನಿಗೆ ಮಲ್ಲಿಗೆ ತೆಗೆದುಕೊಳ್ಳಿ. ಇಲ್ಲಿ ಮೊಳದ ಲೆಕ್ಕವಲ್ಲ, ಚೆಂಡು, ಅಟ್ಟಿ ಲೆಕ್ಕ.

ಕೋಟೆನಾಡಿನವ

ಅಬ್ಬಾ, ಇಷ್ಟೆಲ್ಲ ಇದೆ ಅಂತ ಗೊತ್ತೇ ಇರಲಿಲ್ಲ ಸರ್. ಬೆನ್ ಯಿಜು ಕಥೆಯನ್ನು ಮಗಳಿಗೆ ಆಗಲೇ ಹೇಳಿದೆ. "ಅವನ ಮನೆ ಎಲ್ಲಿತ್ತು?" ಅಂತ ಕೇಳುತ್ತಿದ್ದಾಳೆ!

ಬಂದರಿನ ಹತ್ತಿರದವ

ಮನೆಯ ಗುರುತು ಉಳಿದಿಲ್ಲ. ಆದರೆ ಬಂದರಿನಲ್ಲಿ ನಿಂತು ನದಿ ಕಡೆ ನೋಡಿದರೆ ಅವನು ನೋಡಿದ ನೀರೇ ಅದು. ಅಷ್ಟು ಹೇಳಿ ಸಾಕು.

ಹೆಂಚಿನ ಮಾಡು

ಬಂದರಿನ ಬಗ್ಗೆ ಮೇಲೆ ಚೆನ್ನಾಗಿ ಹೇಳಿದ್ದಾರೆ. ನಾನು ಹೆಂಚಿನ ವಿಷಯ ಹೇಳುತ್ತೇನೆ. ಮಂಗಳೂರಿಗೆ ಬಂದು ಮಂಗಳೂರು ಹೆಂಚಿನ ಕಥೆ ಕೇಳದೆ ಹೋಗಬಾರದು.

1834ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ಊರಿನಿಂದ ಮಿಷನರಿಗಳು ಇಲ್ಲಿಗೆ ಬಂದರು. ಅವರ ಮತಕ್ಕೆ ಸೇರಿದವರಿಗೆ ಮನೆ, ಜಮೀನು, ಕುಲಕಸುಬು ಎಲ್ಲ ಕೈತಪ್ಪುತ್ತಿತ್ತು. ಹೊಟ್ಟೆಪಾಡಿಗೆ ಕೆಲಸ ಕೊಡಬೇಕಿತ್ತು. ಹಾಗಾಗಿ ನೇಯ್ಗೆ, ಮುದ್ರಣ, ಆಮೇಲೆ ಹೆಂಚು ಶುರುವಾಯಿತು. 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯ ಹತ್ತಿರ, ಜಾರ್ಜ್ ಪ್ಲೆಬ್ಸ್ಟ್ ಎಂಬವರು ಹೆಂಚಿನ ಕಾರ್ಖಾನೆ ಶುರು ಮಾಡಿದರು. ಜಾಗದ ಆಯ್ಕೆ ನೋಡಿ. ನದಿಯ ದಂಡೆಯಲ್ಲಿ ಒಳ್ಳೆಯ ಜೇಡಿಮಣ್ಣು. ಒಲೆಗೆ ಘಟ್ಟದ ಕಡೆಯ ಕಟ್ಟಿಗೆ. ಸಾಗಿಸಲು ದೋಣಿ, ಆಚೆ ಬಂದರು. ಎಲ್ಲವೂ ಕೈಗೆಟುಕುವಷ್ಟು ಹತ್ತಿರ. 1868ರಲ್ಲಿ ಊರಿನವರದ್ದೇ ಆದ ಅಲ್ಬುಕರ್ಕ್ ಕಾರ್ಖಾನೆ ಬಂತು. ಆಮೇಲೆ ಬೋಳಾರ, ಹೊಯಿಗೆಬಜಾರ್, ಜೆಪ್ಪು ತುಂಬ ಚಿಮಣಿಗಳೇ. ಇಲ್ಲಿಯ ಹೆಂಚು ಬರ್ಮಾ, ಸಿಲೋನ್, ಆಫ್ರಿಕಾದವರೆಗೂ ಹೋಯಿತು.

ಮೊದಲು ಇಲ್ಲಿಯ ಮನೆಗಳಿಗೆ ಮುಳಿಹುಲ್ಲು, ತೆಂಗಿನ ಮಡಲು ಹೊದಿಸುತ್ತಿದ್ದರು. ಪ್ರತಿ ವರ್ಷ ಮಳೆಗೆ ಮುಂಚೆ ಬದಲಿಸಬೇಕು, ಬೆಂಕಿಯ ಭಯ ಬೇರೆ. ಈ ಹೆಂಚಿಗೆ ಅಂಚಿನಲ್ಲಿ ಗಾಡಿ, ಅಂದರೆ ತೋಡಿನಂಥ ಗೀರು, ಇರುತ್ತದೆ. ಒಂದು ಹೆಂಚು ಇನ್ನೊಂದರ ಗಾಡಿಗೆ ಸಿಕ್ಕಿಕೊಳ್ಳುತ್ತದೆ. ಎಂಥ ಗಾಳಿಮಳೆ ಬಂದರೂ ನೀರು ಒಳಗೆ ಬರುವುದಿಲ್ಲ. ಒಡೆದರೆ ಒಂದನ್ನೇ ತೆಗೆದು ಇನ್ನೊಂದು ಹಾಕಬಹುದು. ಇದನ್ನು ಮಕ್ಕಳಿಗೆ ಕೈಯಲ್ಲಿ ಹಿಡಿಸಿ ತೋರಿಸಬೇಕು. ಹಳೆಯ ಹೆಂಚು ಸಿಕ್ಕರೆ ಮಗುಚಿ ನೋಡಿ. ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. 1865 ಅಂತ ಕಂಡರೆ ಅದು ಕಾರ್ಖಾನೆ ಶುರುವಾದ ವರ್ಷ, ಆ ಹೆಂಚು ಸುಟ್ಟ ವರ್ಷವಲ್ಲ. ಕಾಮನ್‌ವೆಲ್ತ್ ಅಂತ ಇದ್ದರೆ ಅದು ಮೊದಲ ಮಹಾಯುದ್ಧದ ನಂತರದ್ದು. ಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್ನಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಒಂದು ಹೆಂಚಿನ ಬೆನ್ನಲ್ಲೇ ಇಷ್ಟು ಓದಬಹುದು.

ಈಗ ಹೆಚ್ಚಿನ ಕಾರ್ಖಾನೆಗಳು ಮುಚ್ಚಿವೆ. ಜಾಗಗಳಲ್ಲಿ ಫ್ಲ್ಯಾಟ್ ಎದ್ದಿವೆ. ನನಗೆ ಇದು ನಿಜವಾಗಿಯೂ ನೋವಿನ ಸಂಗತಿ. ಆದರೂ ಬೋಳಾರದ ಕಡೆ ಆಟೊದಲ್ಲಿ ಒಂದು ಸುತ್ತು ಹಾಕಿ. ಹಳೆಯ ಹೆಂಚಿನ ಮನೆಗಳು ಇನ್ನೂ ಉಳಿದಿವೆ. ದಾರಿಯಲ್ಲೇ ಮಂಗಳಾದೇವಿ ದೇವಸ್ಥಾನ ಸಿಗುತ್ತದೆ. ಅಮ್ಮನಿಗೂ ಖುಷಿ ಆಗುತ್ತದೆ.

ಅಚ್ಚಿನ ಮೊಳೆ

ಹೆಂಚಿನ ಜೊತೆ ಮುದ್ರಣದ ಬಗ್ಗೆಯೂ ಎರಡು ಮಾತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಇಲ್ಲಿಯೇ ಹೊರಬಂತು. ಸಂಪಾದಕರು ಹರ್ಮನ್ ಮೊಗ್ಲಿಂಗ್. ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಅದಕ್ಕೇ ಜುಲೈ 1 ಪತ್ರಿಕಾ ದಿನ. ಕಿಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಗಿದ್ದೂ ಇಲ್ಲಿಯ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಸುಮಾರು 70,000 ಶಬ್ದಗಳ ಪುಸ್ತಕ. ಒಂದೊಂದು ಅಕ್ಷರದ ಮೊಳೆಯನ್ನೂ ಕೈಯಲ್ಲಿ ಆರಿಸಿ ಜೋಡಿಸಿದ ಕೆಲಸ ಅದು. ಆ ಕೆಲಸಗಾರರ ಹೆಸರು ಎಲ್ಲೂ ದೊಡ್ಡದಾಗಿ ಬರೆದಿಲ್ಲ.

ಬಲ್ಮಠದಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ. ಅಲ್ಲಿಯ ಪತ್ರಾಗಾರದಲ್ಲಿ ಆ ಕಾಲದ ಪುಸ್ತಕಗಳಿವೆ. ಅದು ಪ್ರವಾಸಿ ತಾಣವಲ್ಲ, ಓದುವವರ ಜಾಗ. ಮೊದಲೇ ಕೇಳಿ, ಅವರು ಒಪ್ಪಿದರೆ ಹೋಗಿ. ಎಂಟನೇ ಕ್ಲಾಸಿನ ಮಗಳು ಹಳೆಯ ಕನ್ನಡ ಅಕ್ಷರ ನೋಡಿದರೆ ಮರೆಯುವುದಿಲ್ಲ. ಹೊರಗಿನಿಂದಾದರೂ ಆ ಗುಡ್ಡೆಯ ಮೇಲಿನ ಹಳೆಯ ಕಟ್ಟಡಗಳು, ಶಾಂತಿ ಕೆಥೆಡ್ರಲ್ ನೋಡಿ ಬನ್ನಿ.

ಘಟ್ಟ ಇಳಿದವಳು

ನಾನು ಮದುವೆಯಾಗಿ ಹಾಸನದಿಂದ ಇಲ್ಲಿಗೆ ಬಂದವಳು. ಹಾಗಾಗಿ ಘಟ್ಟದ ಮೇಲಿನವರಿಗೆ ಇಲ್ಲಿ ಏನು ಕಷ್ಟ ಅಂತ ಗೊತ್ತು. ಡಿಸೆಂಬರ್ ಅಂದರೆ ಚಳಿ ಅಂದುಕೊಂಡು ಬರಬೇಡಿ. ಬೆಳಿಗ್ಗೆ ಹಿತವಾಗಿರುತ್ತದೆ. ಹನ್ನೊಂದರ ಮೇಲೆ ಸೆಖೆ ಶುರು. ಅಮ್ಮನಿಗೆ ಹತ್ತಿಯ ಸೀರೆ ಸಾಕು, ಸ್ವೆಟರ್ ಬ್ಯಾಗಿನಲ್ಲೇ ಇರಲಿ. ಬೆಳಿಗ್ಗೆ ಏಳರಿಂದ ಹನ್ನೊಂದು ಸುತ್ತಾಡಿ, ಮಧ್ಯಾಹ್ನ ರೂಮಿನಲ್ಲಿ ಮಲಗಿ, ನಾಲ್ಕಕ್ಕೆ ಮತ್ತೆ ಹೊರಡಿ. ಇಲ್ಲಿಯವರೂ ಹಾಗೇ ಮಾಡುತ್ತಾರೆ.

ಊರು ಪೂರ್ತಿ ಗುಡ್ಡೆ ಇಳಿಜಾರು. ನಕ್ಷೆಯಲ್ಲಿ ಹತ್ತಿರ ಕಂಡದ್ದು ನಡೆಯುವಾಗ ಏರು ದಾರಿ ಆಗಿರುತ್ತದೆ. ಅಮ್ಮನ ಜೊತೆ ಇರುವಾಗ ಆಟೊ ಹಿಡಿಯಿರಿ. ಮೀಟರ್ ಹಾಕಲು ಹೇಳಿ. ಒಬ್ಬರು ನಮ್ಮ ಅತ್ತೆಯ ಹತ್ತಿರ ಡಬಲ್ ಕೇಳಿದ್ದರು, ಮುಂದಿನ ಆಟೊದವರು ಮೀಟರ್ ಹಾಕಿಯೇ ಕರೆದುಕೊಂಡು ಹೋದರು.

ಉಳಿಯಲು ಹಂಪನಕಟ್ಟೆ ಸುತ್ತಮುತ್ತ ಆದರೆ ಬಂದರು, ಬಾವುಟಗುಡ್ಡೆ ಎರಡೂ ಹತ್ತಿರ. ಸರ್ಕಾರಿ ಬಸ್ಸಿನಲ್ಲಿ ಬಂದರೆ ಇಳಿಯುವುದು ಬಿಜೈನಲ್ಲಿ, ಸ್ಟೇಟ್ ಬ್ಯಾಂಕಿನಲ್ಲಲ್ಲ. ಬಿಜೈನಲ್ಲೇ ಶ್ರೀಮಂತಿ ಬಾಯಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಕರ್ನಲ್ ಮಿರಾಜ್‌ಕರ್ ಅವರು ತಾಯಿಯ ನೆನಪಿಗೆ ತಮ್ಮ ಸಂಗ್ರಹ, ಹಡಗಿನ ಆಕಾರದ ಮನೆ ಎರಡನ್ನೂ ಕೊಟ್ಟರು. ಮಗನಿಗೆ ಆ ಕಟ್ಟಡವೇ ಇಷ್ಟ ಆಗಬಹುದು.

ಬಣ್ಣದ ಗೋಡೆ

ಯಾರೂ ಇನ್ನೂ ಸಂತ ಅಲೋಶಿಯಸ್ ಚಾಪೆಲ್ ಹೇಳಿಲ್ಲವಲ್ಲ! ನನ್ನ ಮಟ್ಟಿಗೆ ಈ ಊರಿನಲ್ಲಿ ಮೊದಲು ನೋಡಬೇಕಾದದ್ದು ಅದೇ.

ಬಾವುಟಗುಡ್ಡೆಯ ಮೇಲೆ ಕಾಲೇಜಿನ ಆವರಣದಲ್ಲಿದೆ. ಕಟ್ಟಿದ್ದು 1884ರಲ್ಲಿ. ಹೊರಗಿನಿಂದ ಸಾಧಾರಣ ಕಟ್ಟಡ. ಒಳಗೆ ಕಾಲಿಟ್ಟರೆ ಗೋಡೆ, ಕಮಾನು, ಚಾವಣಿ, ಒಂದು ಗೇಣು ಜಾಗವೂ ಬಿಡದೆ ಚಿತ್ರ. ಇಟಲಿಯ ಬೆರ್ಗಾಮೊ ಕಡೆಯ ಅಂತೋನಿಯೊ ಮೊಸ್ಕೆನಿ ಎಂಬ ಜೆಸ್ವಿಟ್ (ಕ್ಯಾಥೊಲಿಕ್ ಸನ್ಯಾಸಿ ಸಂಘದ) ಸಹೋದರ 19ನೇ ಶತಮಾನದ ಕೊನೆಯಲ್ಲಿ ಬಂದು ಬಿಡಿಸಿದ್ದು. ಗೋಡೆಯ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು. ಗಾರೆ ಒಣಗುವುದರೊಳಗೆ ಬಣ್ಣ ಹಚ್ಚಿ ಮುಗಿಸಬೇಕು. ಬಣ್ಣ ಗಾರೆಯೊಳಗೇ ಇಳಿದು ಅದರ ಜೊತೆ ಗಟ್ಟಿಯಾಗುತ್ತದೆ. ತಪ್ಪಿದರೆ ಕೆರೆದು ಮತ್ತೆ ಗಾರೆ ಬಳಿಯಬೇಕು. ಚಾವಣಿಯವು ಬಟ್ಟೆಯ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದವು. ಈ ಕಡಲ ಊರಿನ ತೇವದಲ್ಲಿ, ಇಂಥ ಮಳೆಯಲ್ಲಿ, ಅವು ನೂರು ವರ್ಷ ದಾಟಿ ಬಂದಿವೆ. 1990ರ ದಶಕದಲ್ಲಿ ಹಳೆಯ ಸ್ಮಾರಕಗಳನ್ನು ಕಾಪಾಡುವ ಸಂಸ್ಥೆಯಾದ ಇನ್‌ಟ್ಯಾಕ್‌ನವರು ಜೀರ್ಣೋದ್ಧಾರ ಮಾಡಿದರು.

ಮಕ್ಕಳಿಗೆ ಒಂದು ಆಟ ಹೇಳಿಕೊಡಿ. ಕಂಬದ ಮೇಲೆ ಕಾಣುವ ಕೆತ್ತನೆಯಲ್ಲಿ ಯಾವುದು ನಿಜವಾದ ಕೆತ್ತನೆ, ಯಾವುದು ಬರೀ ಬಣ್ಣ ಅಂತ ದೂರದಿಂದಲೇ ಹೇಳಬೇಕು. ನೆರಳನ್ನು ಅಷ್ಟು ಚೆನ್ನಾಗಿ ಬಿಡಿಸಿದ್ದಾನೆ. ಮೊಸ್ಕೆನಿ ತನ್ನ ಊರಿಗೆ ವಾಪಸ್ ಹೋಗಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ.

ಪ್ರಾರ್ಥನೆಯ ಜಾಗ, ಮೆಲ್ಲಗೆ ಮಾತಾಡಿ. ಫೋಟೊ ತೆಗೆಯುವ ಮುಂಚೆ ಕೇಳಿ. ಬೆಂಚುಗಳಿವೆ, ಅಮ್ಮ ಕೂತುಕೊಂಡೇ ಎಲ್ಲ ನೋಡಬಹುದು. ಅವಸರ ಮಾಡಬೇಡಿ. ಕೂತಷ್ಟೂ ಕಾಣುತ್ತದೆ.

ದುರ್ಗದ ನಂಟ

ಬಾವುಟಗುಡ್ಡೆಗೆ ಹೋದಾಗ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನೂ ನೋಡಿ. 1837ರಲ್ಲಿ ಸುಳ್ಯ, ಕೊಡಗಿನ ರೈತರು ಅವರ ಮುಂದಾಳತ್ವದಲ್ಲಿ ಕಂಪನಿ ಸರ್ಕಾರದ ವಿರುದ್ಧ ಎದ್ದರು. ಕಂದಾಯವನ್ನು ಹಣದಲ್ಲೇ ಕಟ್ಟಬೇಕು ಅಂತ ಹಿಂಡುತ್ತಿದ್ದ ಕಾಲ. ಸುಳ್ಯದಿಂದ ಹೊರಟು ಪುತ್ತೂರು, ಬಂಟ್ವಾಳ ದಾಟಿ ಮಂಗಳೂರಿಗೆ ಬಂದು ಈ ಗುಡ್ಡೆಯ ಮೇಲೆ ಬಾವುಟ ಹಾರಿಸಿದರು. ಊರು ಕೆಲವು ದಿನ ಅವರ ಕೈಯಲ್ಲಿತ್ತು. ಆಮೇಲೆ ಕಂಪನಿಯ ಪಡೆ ಬಂತು, ಗಲ್ಲು ಶಿಕ್ಷೆಗಳಾದವು. 1857ಕ್ಕಿಂತ 20 ವರ್ಷ ಮುಂಚಿನ ಮಾತು ಇದು. ಶಾಲೆಯ ಪುಸ್ತಕದಲ್ಲಿ ಎರಡು ಸಾಲು ಇದ್ದರೆ ಹೆಚ್ಚು. ಮಗಳಿಗೆ ಅಲ್ಲೇ ನಿಂತು ಹೇಳಿ.

ಬೋಳೂರು ದೋಣಿ

ಸುಲ್ತಾನ್ ಬತ್ತೇರಿಗೆ ಸಂಜೆ ಹೋಗಿ. ಬೋಳೂರಿನಲ್ಲಿ, ಫಲ್ಗುಣಿ ದಂಡೆಯಲ್ಲಿದೆ. ಟಿಪ್ಪು 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು. ಅದೇ ವರ್ಷ ಮಾರ್ಚ್‌ನಲ್ಲಿ ಇಂಗ್ಲಿಷರ ಜೊತೆ ಮಂಗಳೂರು ಒಪ್ಪಂದ ಆಗಿ ಎರಡನೇ ಮೈಸೂರು ಯುದ್ಧ ಮುಗಿದಿತ್ತು. ನಿಮ್ಮ ದುರ್ಗದ ಕೋಟೆ ನೋಡಿದ ಕಣ್ಣಿಗೆ ಇದು ತೀರ ಚಿಕ್ಕದು. ಆದರೆ ಯಾಕೆ ಇಲ್ಲಿ ಕಟ್ಟಿದರು ಅಂತ ಮಕ್ಕಳನ್ನೇ ಕೇಳಿ. ಗೋಡೆಯ ಕಿಂಡಿಯಿಂದ ನದಿಯ ಕಡೆ ನೋಡಿದರೆ ಉತ್ತರ ಅವರೇ ಹೇಳುತ್ತಾರೆ. ಯುದ್ಧದ ಹಡಗು ನದಿಯೊಳಗೆ ನುಗ್ಗದಂತೆ ಕಾಯಲು ಇದ್ದ ಜಾಗ.

ಬುರುಜು ನೋಡಿ ವಾಪಸ್ ಹೋಗಬೇಡಿ. ಪಕ್ಕದಲ್ಲೇ ದೋಣಿ ಸಿಗುತ್ತದೆ. ನದಿ ದಾಟಿದರೆ ತಣ್ಣೀರುಬಾವಿ. ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ, ನಡುವೆ ಉದ್ದನೆಯ ಮರಳಿನ ನಾಲಿಗೆ, ಗಾಳಿಮರಗಳ ತೋಪು. ಪಣಂಬೂರಿನಷ್ಟು ಗದ್ದಲ ಇರುವುದಿಲ್ಲ. ನನ್ನನ್ನು ಕೇಳಿದರೆ ಈ ದೋಣಿ ದಾಟುವುದೇ ಮಂಗಳೂರಿನ ಒಳ್ಳೆಯ ಪ್ರವಾಸ. ವಾಪಸ್ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಅಮ್ಮನಿಗೆ ದೋಣಿ ಹತ್ತಿ ಇಳಿಯುವುದು ಕಷ್ಟ ಅನ್ನಿಸಿದರೆ ರಸ್ತೆಯಲ್ಲೂ ಬರಬಹುದು, ಸುತ್ತು ಜಾಸ್ತಿ.

ಮೊಗವೀರ

ಸಮುದ್ರದ ಬಗ್ಗೆ ಒಂದು ಮಾತು, ದಯವಿಟ್ಟು ಗಮನ ಕೊಟ್ಟು ಓದಿ. ಬಯಲುಸೀಮೆಯಿಂದ ಬಂದವರಿಗೆ ಕಡಲು ಕೆರೆಯ ಹಾಗೆ ಕಾಣುತ್ತದೆ. ಸೊಂಟದ ಮಟ್ಟ ನೀರಿದ್ದರೂ ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಗುತ್ತದೆ. ಸೋಮೇಶ್ವರದಲ್ಲಿ ಬಂಡೆಗಳ ಹತ್ತಿರ ನೀರಿಗೆ ಇಳಿಯಲೇಬೇಡಿ. ಫೋಟೊಗೆ ಬಂಡೆ ಹತ್ತುವುದೂ ಬೇಡ. ಪಣಂಬೂರಿನಲ್ಲಿ ಜೀವರಕ್ಷಕರು ಇರುತ್ತಾರೆ, ಅವರು ಸೀಟಿ ಊದಿದರೆ ತಕ್ಷಣ ಹೊರಗೆ ಬನ್ನಿ. ಅಳಿವೆ ಬಾಗಿಲಿನಲ್ಲಿ, ಅಂದರೆ ನದಿ ಕಡಲಿಗೆ ಸೇರುವಲ್ಲಿ, ನಾವೂ ಈಜುವುದಿಲ್ಲ.

ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಇದ್ದರೆ ದಕ್ಕೆಗೆ ಬನ್ನಿ. ಬೋಟುಗಳು ಬಂದು ನಿಂತಿರುತ್ತವೆ, ಮೀನು ಏಲಂ ನಡೆಯುತ್ತಿರುತ್ತದೆ. ಬಂಗುಡೆ, ಬೂತಾಯಿ, ಅಂಜಲ್, ಕಾಣೆ ಎಲ್ಲ ರಾಶಿ ರಾಶಿ. ಬುಟ್ಟಿ ಹೊತ್ತ ನಮ್ಮ ಹೆಂಗಸರು ಬೆಲೆ ಕೂಗುವುದನ್ನು ಕೇಳಬೇಕು. ನೆಲ ಒದ್ದೆ, ಜಾರುತ್ತದೆ, ಅಮ್ಮ ಬರುವುದು ಬೇಡ. ನೀವು ಮಕ್ಕಳನ್ನು ಕರೆತನ್ನಿ. ಕೆಲಸ ಮಾಡುವವರಿಗೆ ಅಡ್ಡ ನಿಲ್ಲಬೇಡಿ, ಅಷ್ಟೇ ಕೇಳಿಕೊಳ್ಳುವುದು.

ಕೋಟೆನಾಡಿನವ

ಸಮುದ್ರದ ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ ಅಣ್ಣ. ಸೋಮೇಶ್ವರಕ್ಕೆ ಹೋಗಲೇಬೇಕು ಅಂತ ಮಗಳ ಹಟ, ಉಳ್ಳಾಲದ ರಾಣಿ ಅಬ್ಬಕ್ಕನ ಕಾರಣಕ್ಕೆ. ಇನ್ನೊಂದು ಪ್ರಶ್ನೆ. ಅಮ್ಮ ಮೀನು, ಮಾಂಸ ಮುಟ್ಟುವುದಿಲ್ಲ. ನಮಗೆ ಉಳಿದವರಿಗೆ ಮೀನು ಆಗಬಹುದು. ಊಟಕ್ಕೆ ಹೇಗೆ?

ಘಟ್ಟ ಇಳಿದವಳು

ಅಮ್ಮನಿಗೆ ತೊಂದರೆಯೇ ಇಲ್ಲ. ಬೆಳಿಗ್ಗೆ ನೀರ್‌ದೋಸೆ, ಬನ್ಸ್. ಸಂಜೆ ಗೋಳಿಬಜೆ. ಮೂಡೆ ಸಿಕ್ಕರೆ ಬಿಡಬೇಡಿ, ಕೇದಗೆ ಎಲೆಯ ಕೊಟ್ಟೆಯಲ್ಲಿ ಬೇಯಿಸುವುದು, ಆ ಪರಿಮಳ ಬೇರೆ ಇಡ್ಲಿಗೆ ಬರುವುದಿಲ್ಲ. ಊಟಕ್ಕೆ ಕುಚ್ಚಲಕ್ಕಿ ಅನ್ನ ಬಡಿಸುತ್ತಾರೆ. ರೂಢಿ ಇಲ್ಲದಿದ್ದರೆ ಬೆಳ್ತಿಗೆ ಅನ್ನ, ಅಂದರೆ ಬಿಳಿ ಅನ್ನ, ಅಂತ ಕೇಳಿ. ನಿಮಗೆ ಮೀನೂಟದ ಹೋಟೆಲ್‌ಗಳು ಬೇಕಾದಷ್ಟು ಇವೆ. ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ, ಕೋರಿ ರೊಟ್ಟಿ. ರೊಟ್ಟಿ ಗರಿಗರಿ ಇರುವಾಗಲೇ ಸಾರು ಹಾಕಿಕೊಂಡು ಬೇಗ ತಿನ್ನಬೇಕು. ಮಕ್ಕಳಿಗೆ ಗಡ್‌ಬಡ್ ಐಸ್‌ಕ್ರೀಂ.

ಮಧ್ಯಾಹ್ನದ ಊಟಕ್ಕೆ ಹನ್ನೆರಡೂವರೆಗೇ ಹೋಗಿ. ಒಂದೂವರೆಗೆ ಒಳ್ಳೆಯ ಮೀನೂಟದ ಕಡೆ ಕಾಯಬೇಕಾಗುತ್ತದೆ.

ಉಳ್ಳಾಲದ ಅಳಿಯ

ಅಬ್ಬಕ್ಕನ ಬಗ್ಗೆ ಕೇಳಿದ್ದಕ್ಕೆ ಬಹಳ ಸಂತೋಷ. ಚೌಟ ಮನೆತನದ ರಾಣಿ. ಅಳಿಯಸಂತಾನದ ಪದ್ಧತಿಯಲ್ಲಿ, ಅಂದರೆ ತಾಯಿಯ ಕಡೆಯಿಂದ, ಪಟ್ಟ ಬಂದದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರು ಕಡಲ ವ್ಯಾಪಾರಕ್ಕೆಲ್ಲ ಕಪ್ಪ ಕೇಳುತ್ತಿದ್ದಾಗ ಕೊಡುವುದಿಲ್ಲ ಅಂದವಳು. ಅವಳ ಜೊತೆ ನಿಂತವರು ಮೊಗವೀರರು, ಬ್ಯಾರಿಗಳು, ಬಂಟರು, ಬಿಲ್ಲವರು, ಎಲ್ಲರೂ. ಕಲ್ಲಿಕೋಟೆಯ ದೊರೆ ಸಾಮೂದಿರಿಯ ಜೊತೆಗೂ ಸ್ನೇಹ ಇತ್ತು. 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗಿಗೆ ಅವಳ ಹೆಸರಿಟ್ಟರು.

ಕಲ್ಲು ಕಟ್ಟಡ ಹೆಚ್ಚು ಉಳಿದಿಲ್ಲ. ಉಳ್ಳಾಲದಲ್ಲಿ ಪ್ರತಿಮೆ ಇದೆ. ಸೋಮೇಶ್ವರದಲ್ಲಿ ಕಡಲ ಅಂಚಿನ ಸೋಮನಾಥ ದೇವಸ್ಥಾನ ಇದೆ. ಅಲ್ಲಿ ನಿಂತರೆ ಪೋರ್ಚುಗೀಸರ ಹಡಗುಗಳು ಯಾವ ಕಡೆಯಿಂದ ಬಂದಿರಬಹುದು ಅಂತ ಮಗಳಿಗೆ ಊಹೆ ಆಗುತ್ತದೆ. ಉಳ್ಳಾಲದ ದರ್ಗಾಕ್ಕೂ ಎಲ್ಲ ಜಾತಿ ಧರ್ಮದವರು ಬರುತ್ತಾರೆ. ಒಂದೇ ಬೆಳಿಗ್ಗೆಯಲ್ಲಿ ಎರಡೂ ಆಗುತ್ತದೆ. ನೇತ್ರಾವತಿ ಸೇತುವೆ ದಾಟುವಾಗ ಕಿಟಕಿ ಕಡೆ ಕೂರಿಸಿ.

ಬಸದಿ ದಾರಿ

ಎಲ್ಲ ಸರಿ, ಆದರೆ ನಾಲ್ಕೂ ದಿನ ಪೇಟೆಯಲ್ಲೇ ಯಾಕೆ? ಒಂದು ದಿನ ಮೂಡುಬಿದಿರೆ, ಕಾರ್ಕಳಕ್ಕೆ ಇಡಿ. ಮೂಡುಬಿದಿರೆ ಸುಮಾರು 35 ಕಿಲೋಮೀಟರ್. 1430ರ ಸಾವಿರ ಕಂಬದ ಬಸದಿ ನೋಡದೆ ಹೋದರೆ ಇತಿಹಾಸದ ಮಗಳಿಗೆ ಅನ್ಯಾಯ.

ಬಂದರಿನ ಹತ್ತಿರದವ

ಅವರು ಕೇಳಿದ್ದು ಪೇಟೆಯ ಬಗ್ಗೆ ಮಾರಾಯ್ರೆ. ಕಾರು ಹತ್ತಿ ಇಳಿದು, ಹತ್ತಿ ಇಳಿದು ದಿನ ಕಳೆಯುವುದನ್ನು ಅವರು ಹಿಂದೆಯೂ ಮಾಡಿದ್ದಾರೆ. ಕದ್ರಿಗೆ ಯಾರೂ ಇನ್ನೂ ಕಳಿಸಿಯೇ ಇಲ್ಲ.

ಬಸದಿ ದಾರಿ

ಕದ್ರಿ ಖಂಡಿತ ಹೋಗಲಿ. ಆದರೆ ನಾನು ಮೂಡುಬಿದಿರೆ ಹೇಳಿದ್ದು ನಿಮ್ಮ ಬಂದರಿನ ಕಾರಣಕ್ಕೇ. ಸಾವಿರ ಕಂಬದ ಬಸದಿಯ ಮುಂದಿನ ಮಂಟಪದ ತಳದಲ್ಲಿ ಜಿರಾಫೆ, ಚೀನೀ ಡ್ರ್ಯಾಗನ್ ಕೆತ್ತನೆ ಇದೆ. ಜಿರಾಫೆ ಆಫ್ರಿಕಾದ್ದು. 15ನೇ ಶತಮಾನದಲ್ಲಿ ಇಲ್ಲಿಯ ಶಿಲ್ಪಿಗೆ ಅದು ಹೇಗೆ ಗೊತ್ತಾಯಿತು? ಕಡಲ ದಾರಿಯ ವ್ಯಾಪಾರಿಗಳಿಂದ. ಬಸದಿ ಕಟ್ಟಿಸಿದ ದುಡ್ಡೂ ಆ ವ್ಯಾಪಾರದಿಂದ ಬಂದದ್ದೇ. ಬೆಳಿಗ್ಗೆ ಬಂದರು ನೋಡಿದವಳು ಮರುದಿನ ಆ ಜಿರಾಫೆ ನೋಡಿದರೆ ಎರಡೂ ಸೇರುತ್ತವೆ.

ಬಂದರಿನ ಹತ್ತಿರದವ

ಈ ಮಾತು ಒಪ್ಪಿದೆ. ಹಾಗಾದರೆ ಹೋಗಲೇಬೇಕು. ಕಾರ್ಕಳದ ಬಾಹುಬಲಿ 1432ರದ್ದು, 42 ಅಡಿ. ಬಂಡೆಯ ಗುಡ್ಡದ ಮೇಲಿದೆ, ಅಮ್ಮನ ಮಂಡಿ ನೋಡಿಕೊಂಡು ತೀರ್ಮಾನ ಮಾಡಿ. ಮೂಡುಬಿದಿರೆ ಮಾತ್ರ ಮಾಡಿದರೂ ಸಾಕು.

ಕದ್ರಿಯಲ್ಲಿ ಮಂಜುನಾಥನ ದರ್ಶನ ಮಾಡಿ ಸುಮ್ನೆ ಹೊರಟುಬಿಡಬೇಡಿ. ಒಳಗೆ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಮೂರು ಮುಖ, ಆರು ಕೈ. ಪೀಠದ ಮೇಲಿನ ಶಾಸನದ ಪ್ರಕಾರ 968ನೇ ಇಸವಿಯಲ್ಲಿ ಆಳುಪ ದೊರೆ ಕುಂದವರ್ಮ ಮಾಡಿಸಿದ್ದು. ಸಾವಿರ ವರ್ಷ ದಾಟಿದ ಕಂಚು, ಈಗಲೂ ಪೂಜೆ ನಡೆಯುವ ಗುಡಿಯಲ್ಲೇ ಇದೆ. ಒಂದು ಕಾಲಕ್ಕೆ ಕದ್ರಿಯಲ್ಲಿ ಬೌದ್ಧರಿದ್ದರು, ಆಮೇಲೆ ನಾಥಪಂಥದವರು ಬಂದರು. ಮೇಲಿನ ಗುಡ್ಡೆಯಲ್ಲಿ ಜೋಗಿ ಮಠ ಇದೆ, 12 ವರ್ಷಕ್ಕೊಮ್ಮೆ ಹೊಸ ಮಠಾಧಿಪತಿ ತ್ರ್ಯಂಬಕೇಶ್ವರದಿಂದ ನಡೆದುಕೊಂಡೇ ಬರುತ್ತಾರೆ. ಹಿಂದಿನ ಕೆರೆಗಳ ಹತ್ತಿರ ಮೆಟ್ಟಿಲು ಉಂಟು. ಅಮ್ಮ ಕೆಳಗೆ ಜಗುಲಿಯಲ್ಲಿ ಕೂರಲಿ.

ಕುದ್ರೋಳಿಯ ಗೋಕರ್ಣನಾಥಕ್ಕೂ ಒಂದು ಸಂಜೆ ಹೋಗಿ. ದೇವಸ್ಥಾನದೊಳಗೆ ಹೋಗುವ ಹಕ್ಕೇ ಇಲ್ಲದಿದ್ದವರು ತಮ್ಮದೇ ಗುಡಿ ಬೇಕು ಅಂತ ನಾರಾಯಣ ಗುರುಗಳನ್ನು ಕರೆಸಿ 1912ರಲ್ಲಿ ಪ್ರತಿಷ್ಠೆ ಮಾಡಿಸಿದರು. ಈಗ ಮಂಗಳೂರು ದಸರಾ ನಡೆಯುವುದೇ ಅಲ್ಲಿಂದ.

ಮಳೆಯವಳು

ನನ್ನದು ಬೇರೆ ಅಭಿಪ್ರಾಯ. ಮಂಗಳೂರು ನೋಡಬೇಕಾದದ್ದು ಮಳೆಗಾಲದಲ್ಲಿ. ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳದೆ ಹೆಂಚಿನ ಕಥೆ ಪೂರ್ತಿ ಆಗುವುದಿಲ್ಲ. ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಪತ್ರೊಡೆ, ಕಣಿಲೆ (ಎಳೆ ಬಿದಿರು) ಪಲ್ಯ, ಮನೆ ಮನೆಗೆ ಬರುವ ಆಟಿ ಕಳೆಂಜನ ವೇಷ. ಯಾವ ಡಿಸೆಂಬರ್‌ನಲ್ಲಿ ಸಿಗುತ್ತದೆ ಇದು?

ಮೊಗವೀರ

ಅಕ್ಕಾ, ಮಳೆಗಾಲ ಚಂದ ನಿಜ. ಆದರೆ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬರುವವರಿಗೆ ಬೇಡ. ಕಡಲು ಉಗ್ರವಾಗಿರುತ್ತದೆ, ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ತಾಜಾ ಮೀನೂ ಕಡಿಮೆ.

ಮಳೆಯವಳು

ಅದೂ ಸರಿಯೇ. ಮಕ್ಕಳು ದೊಡ್ಡವರಾದ ಮೇಲೆ ಆಗಸ್ಟ್‌ನಲ್ಲಿ ಇನ್ನೊಮ್ಮೆ ಬನ್ನಿ ಸರ್, ಆಗ ನಾನೇ ಪತ್ರೊಡೆ ಮಾಡಿಕೊಡುತ್ತೇನೆ.

ಕೋಟೆನಾಡಿನವ

ಖಂಡಿತ ಬರುತ್ತೇವೆ ಅಕ್ಕ! ಎಲ್ಲ ಓದಿ ಹೀಗೆ ಜೋಡಿಸಿಕೊಂಡಿದ್ದೇವೆ. ಮೊದಲ ದಿನ ಬಂದರು, ರಥಬೀದಿ, ಸಂಜೆ ಚಾಪೆಲ್, ಬಾವುಟಗುಡ್ಡೆ. ಎರಡನೇ ದಿನ ಕದ್ರಿ, ಸಂಜೆ ಬತ್ತೇರಿ, ದೋಣಿ, ತಣ್ಣೀರುಬಾವಿ. ಮೂರನೇ ದಿನ ಮೂಡುಬಿದಿರೆ. ನಾಲ್ಕನೇ ದಿನ ಉಳ್ಳಾಲ, ಬೋಳಾರ. ಮಗನಿಗೆ ಪಿಲಿಕುಳ ಬೇಕಂತೆ, ಹುಲಿ ನೋಡಲು. ಅಮ್ಮ ಯಕ್ಷಗಾನ ನೋಡಬೇಕು ಅನ್ನುತ್ತಿದ್ದಾರೆ. ಡಿಸೆಂಬರ್‌ನಲ್ಲಿ ಇರುತ್ತದೆಯೇ?

ಘಟ್ಟ ಇಳಿದವಳು

ಪಿಲಿಕುಳಕ್ಕೆ ಅರ್ಧ ದಿನ ಬೇಕೇ ಬೇಕು. ಮೂಡುಬಿದಿರೆ ರಸ್ತೆಯಲ್ಲೇ ವಾಮಂಜೂರಿನಿಂದ ಒಳಗೆ ಹೋಗಬೇಕು, ಆದ್ದರಿಂದ ಮೂರನೇ ದಿನಕ್ಕೆ ಸೇರಿಸಿಕೊಳ್ಳಿ. ಮೃಗಾಲಯದ ಜೊತೆಗೆ ಗುತ್ತಿನ ಮನೆ (ಹಳೆಯ ಕಾಲದ ಜಮೀನುದಾರರ ಮನೆ), ಕುಂಬಾರರು ಕೆಲಸ ಮಾಡುವ ಹಳ್ಳಿ, 2018ರಲ್ಲಿ ಶುರುವಾದ ತ್ರೀಡಿ ತಾರಾಲಯ ಎಲ್ಲ ಇದೆ. ವಾರದ ರಜೆ ಯಾವತ್ತು ಅಂತ ಹೊರಡುವ ಮುಂಚೆ ನೋಡಿಕೊಳ್ಳಿ.

ಚೆಂಡೆ ಪೆಟ್ಟು

ಯಕ್ಷಗಾನಕ್ಕೆ ಡಿಸೆಂಬರ್ ಒಳ್ಳೆಯ ಕಾಲ. ಮೇಳಗಳು ನವೆಂಬರ್ ಹೊತ್ತಿಗೆ ಗೆಜ್ಜೆ ಕಟ್ಟಿ ಹೊರಟರೆ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಯವರೆಗೆ, ತಿರುಗಾಟ. ಕಟೀಲು, ಧರ್ಮಸ್ಥಳ ಮೇಳಗಳ ಆಟ ಇಂದು ಎಲ್ಲಿ ಅಂತ ಊರಿನ ಪತ್ರಿಕೆಗಳಲ್ಲಿ ಬರುತ್ತದೆ. ಹೋಟೆಲ್‌ನಲ್ಲಿ ಬೆಳಿಗ್ಗೆ ಪೇಪರ್ ಕೇಳಿ ನೋಡಿ. ಹರಕೆಯ ಬಯಲಾಟಕ್ಕೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಹೋಗಿ ಕೂರಬಹುದು. ಎಷ್ಟೋ ಕಡೆ ಊಟವನ್ನೂ ಹಾಕುತ್ತಾರೆ, ಕರೆದರೆ ಬೇಡ ಅನ್ನಬೇಡಿ. ಈಗ ಅನೇಕ ಕಡೆ ಕಾಲಮಿತಿಯ ಆಟ, ಮಧ್ಯರಾತ್ರಿ ಹೊತ್ತಿಗೆ ಮುಗಿಯುತ್ತದೆ. ಅಮ್ಮನಿಗೆ ಬೆನ್ನು ಒರಗಿಸುವ ಕುರ್ಚಿ ಸಿಗುವಂತೆ ಸ್ವಲ್ಪ ಬೇಗ ಹೋಗಿ. ಮಕ್ಕಳನ್ನು ಚೌಕಿಗೆ ಕರೆದುಕೊಂಡು ಹೋಗಿ ಬಣ್ಣ ಹಚ್ಚುವುದನ್ನು ತೋರಿಸಿ. ಚೌಕಿಯಲ್ಲಿ ದೇವರನ್ನು ಇಟ್ಟಿರುತ್ತಾರೆ, ಚಪ್ಪಲಿ ಹೊರಗೆ ಬಿಡಿ. ಬಣ್ಣದ ವೇಷದ ಚಿಟ್ಟಿ ಇಡುವವರನ್ನು ಮಾತಾಡಿಸಬೇಡಿ. ಅಕ್ಕಿ ಹಿಟ್ಟು, ಸುಣ್ಣ ಕಲಸಿ ಒಂದೊಂದೇ ಮುಳ್ಳಿನ ಹಾಗೆ ಮುಖದ ಮೇಲೆ ನಿಲ್ಲಿಸುತ್ತಾರೆ, ಗಂಟೆಗಟ್ಟಲೆ ಹಿಡಿಯುವ ಕೆಲಸ.

ದಾರಿಯಲ್ಲಿ ಎಲ್ಲಾದರೂ ದೈವದ ಕೋಲ ಕಂಡರೆ ದೂರ ನಿಂತು ನೋಡಬಹುದು. ಆದರೆ ಅದು ಪ್ರದರ್ಶನವಲ್ಲ, ಆ ಮನೆಯವರ ಪೂಜೆ. ಫೋನ್ ಜೇಬಿನಲ್ಲೇ ಇರಲಿ, ಮನೆಯವರು ಹೇಳಿದ ಕಡೆ ನಿಲ್ಲಿ.

ಶನಿವಾರ ಭಾನುವಾರ ಬರುವುದಾದರೆ ಕಂಬಳ ಎಲ್ಲಿದೆ ಅಂತಲೂ ವಿಚಾರಿಸಿ. ನೀವು ಬರುವ ತಾರೀಕು ಹಾಕಿ, ಆ ವಾರ ಹತ್ತಿರದಲ್ಲಿ ಯಾವ ಮೇಳದ ಆಟ ಇದೆ ಅಂತ ನಾನೇ ನೋಡಿ ಇಲ್ಲಿ ಬರೆಯುತ್ತೇನೆ.

ಕೋಟೆನಾಡಿನವ

ಕ್ರಿಸ್ಮಸ್ ಮುಗಿದ ಮರುದಿನ ಬೆಳಿಗ್ಗೆ ಬಿಜೈನಲ್ಲಿ ಇಳಿಯುತ್ತೇವೆ ಸರ್, 26ಕ್ಕೆ. 29ರ ರಾತ್ರಿ ವಾಪಸ್.

ಚೆಂಡೆ ಪೆಟ್ಟು

ಬರೆದಿಟ್ಟುಕೊಂಡೆ. ತಿಂಗಳ ಮಧ್ಯದಲ್ಲಿ ಹೇಳುತ್ತೇನೆ. ಅಮ್ಮನಿಗೆ ದೇವಿ ಮಹಾತ್ಮೆ ಆದೀತಾ, ಬೇರೆ ಪ್ರಸಂಗ ಬೇಕಾ, ಅದೊಂದು ಕೇಳಿಡಿ.